ಮಂಡ್ಯಕ್ಕೇನು ಇತಿಹಾಸ ಎನ್ನುವವರಿಗೆ

ಪೇಟೆ ಬೀದಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಬಾಗಿಲ ಎರಡು ಕಡೆ ಜಗಲಿ, ಜಗಲಿಗೆ ಮರದ ಕಂಬ, ಒಳಗೆ ತೊಟ್ಟಿ, ಮೇಲೆ ನಾಡಹೆಂಚು. ಮುಂದಿನ ಅಂಕಣದಲ್ಲಿ ಯಾವ ಕಾಲದಲ್ಲೋ ಬೆಲ್ಲದ ವ್ಯಾಪಾರ ನಡೆದಿರಬೇಕು. ಗೋಡೆಯ ಬುಡಕ್ಕೆ ಬೆಲ್ಲದ ಅಂಟು ಕಪ್ಪಗೆ ಹತ್ತಿಕೊಂಡಿತ್ತು. ಬೆಳಗ್ಗೆ ಬಂದ ಜೆಸಿಬಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವನ್ನೂ ನೆಲಕ್ಕೆ ತಂದಿತು. ತೊಲೆ, ಕಂಬ, ಬಾಗಿಲುವಾಡ ಲಾರಿ ಹತ್ತಿದವು. ನಾನು ಅಲ್ಲೇ ನಿಂತಿದ್ದನ್ನು ನೋಡಿ ಪಕ್ಕದ ಅಂಗಡಿಯವರು ಹೇಳಿದರು: “ಏನ್ ಸಾ, ಹಂಗೇ ನೋಡ್ತಾ ನಿಂತ್ಬುಟ್ರಿ? ಮಂಡ್ಯಕ್ಕೇನ್ ಇತಿಹಾಸ ಐತೆ ಉಳಿಸ್ಕೊಳಾಕೆ? ಅವೆಲ್ಲ ಪಟ್ಣದಲ್ಲಿ, ಮೈಸೂರಲ್ಲಿ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆ ಮಾತು ಕಲಿಸಿದ್ದು ನಾವೇ. ಶಾಲೆಯಲ್ಲಿ ಮೇಷ್ಟ್ರು ಹೇಳಿದರು, ವೇದಿಕೆಯ ಮೇಲೆ ಮುಖಂಡರು ಹೇಳಿದರು, ಪ್ರವಾಸದ ಪುಸ್ತಕಗಳು ಹೇಳಿದವು, ಓದಿಕೊಂಡ ನಮ್ಮಂಥವರೂ ಹೇಳಿದೆವು. ಮಂಡ್ಯ ಎಂದರೆ ನಾಲೆ ಬಂದ ಮೇಲೆ ಹುಟ್ಟಿದ ಊರು, ಅದಕ್ಕೆ ಮೊದಲು ಒಂದು ಹಳ್ಳಿ. ಮದ್ದೂರು ಎಂದರೆ ವಡೆ. ಮಳವಳ್ಳಿ ಎಂದರೆ ಗಗನಚುಕ್ಕಿಗೆ ಹೋಗುವ ದಾರಿ. ಇತಿಹಾಸ ನೋಡಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಹೋಗು, ಮೇಲುಕೋಟೆಗೆ ಹೋಗು, ಶಿಲ್ಪ ಬೇಕಾದರೆ ಬಸರಾಳಿಗೆ ಹೋಗು. ಈ ಮೂರು ಪೇಟೆಗಳಲ್ಲಿ ಬಸ್ಸು ಬದಲಾಯಿಸು, ಕಾಫಿ ಕುಡಿ, ಮುಂದೆ ಸಾಗು.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಅದು ವಿದ್ವಾಂಸರ ಜಗಳವಾಗಿ ಉಳಿಯುತ್ತಿತ್ತು. ಆದರೆ ನಮ್ಮ ಬೀದಿಗಳನ್ನು ಒಂದೊಂದಾಗಿ ಕೆಡವುವುದಕ್ಕೆ ಈ ಮಾತೇ ಪರವಾನಗಿಯಾಗಿದೆ. ಇತಿಹಾಸವೇ ಇಲ್ಲ ಎಂದ ಮೇಲೆ ಕಳೆದುಕೊಳ್ಳುವುದು ಏನಿದೆ? ಲೆಕ್ಕ ಇಡುವವರು ಯಾರು, ಕೇಳುವವರು ಯಾರು?

ಮೊದಲು ‘ನಾಲೆ ಬರುವುದಕ್ಕೆ ಮುಂಚೆ ಇಲ್ಲೇನೂ ಇರಲಿಲ್ಲ’ ಎಂಬ ಮಾತನ್ನೇ ನೋಡೋಣ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೇ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲೂಕುಗಳ ಶಾಸನಗಳಿವೆ. ಪರಿಷ್ಕೃತ ಆವೃತ್ತಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಒಂದು ದಪ್ಪ ಸಂಪುಟವನ್ನೇ ತುಂಬಿವೆ. ಮದ್ದೂರು ತಾಲೂಕಿನ ಆತಕೂರಿನ ವೀರಗಲ್ಲು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ಆ ಕಲ್ಲು ನಿಂತಿತು. ಚೋಳರ ಮೇಲೆ ರಾಷ್ಟ್ರಕೂಟರು ಗೆದ್ದ ಸಂಗತಿಯನ್ನು ಬರೆಯುವಾಗ ಇತಿಹಾಸಕಾರರು ಇವತ್ತಿಗೂ ತೆರೆಯುವುದು ಈ ನಾಯಿಯ ಕಲ್ಲನ್ನೇ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ನಾಯಿಗೆ ಹೆಸರು ಹಿಡಿದು ಕಲ್ಲು ನಿಲ್ಲಿಸಿದ ಸೀಮೆ ನಮ್ಮದು. ಅದೇ ಸೀಮೆಯವರು ಇವತ್ತು ನಮಗೆ ಇತಿಹಾಸವಿಲ್ಲ ಎಂದು ಒಪ್ಪಿಕೊಂಡು ಕೂತಿದ್ದೇವೆ.

ಮಂಡ್ಯ ಊರಿನ ಮಾತಿಗೆ ಬರುತ್ತೇನೆ. ಇದು ವಿಜಯನಗರದ ಕಾಲಕ್ಕೆ ಶ್ರೀವೈಷ್ಣವರ ಅಗ್ರಹಾರ. ಇಲ್ಲಿಂದ ಹೊರಟು ಮದರಾಸು, ಪಾಂಡಿಚೇರಿವರೆಗೆ ಹರಡಿಕೊಂಡ ಮನೆತನಗಳು ‘ಮಂಡಯಂ’ ಎಂಬ ಹೆಸರನ್ನು ಬಿಡದೆ ಹೊತ್ತುಕೊಂಡು ಹೋದವು. ವಿವೇಕಾನಂದರನ್ನು 1893ರಲ್ಲಿ ಚಿಕಾಗೊಗೆ ಕಳಿಸಲು ಮನೆಮನೆ ಅಲೆದು ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಅವರದು ಮಂಡಯಂ ಮನೆತನ. ಸುಬ್ರಹ್ಮಣ್ಯ ಭಾರತಿಯವರು ಬರೆಯುತ್ತಿದ್ದ ‘ಇಂಡಿಯಾ’ ಪತ್ರಿಕೆಯ ಹಿಂದೆ ಇದ್ದವರೂ ಮಂಡಯಂನವರೇ. ಚೆನ್ನೈನ ಓದುಗರಿಗೆ ಮಂಡಯಂ ಒಂದು ಊರಿನ ಹೆಸರೆಂದು ಗೊತ್ತು. ಆ ಊರು ಎಲ್ಲಿ ಎಂದು ನಮ್ಮ ಕಾಲೇಜಿನ ಹುಡುಗರನ್ನು ಕೇಳಿ ನೋಡಿ. ಅಗ್ರಹಾರದ ಬೀದಿ ಯಾವುದಿತ್ತು, ಎಲ್ಲಿಂದ ಎಲ್ಲಿಗೆ ಇತ್ತು ಎಂದು ಹೇಳಬಲ್ಲ ಹಿರಿಯರು ಈಗ ಬೆರಳೆಣಿಕೆ.

ಪೇಟೆ ಬೀದಿಯ ಲಕ್ಷ್ಮೀಜನಾರ್ದನ ದೇವಸ್ಥಾನ, ಗುತ್ತಲಿನ ಅರ್ಕೇಶ್ವರ ಉಳಿದಿವೆ, ದೇವರಿರುವ ಕಾರಣಕ್ಕೆ. ದೇವರಿಲ್ಲದ ಕಟ್ಟಡಕ್ಕೆ ನಮ್ಮಲ್ಲಿ ಕಾವಲಿಲ್ಲ. ನನ್ನ ವಾದ ದೇವಸ್ಥಾನಗಳದ್ದಲ್ಲ. ಅವಕ್ಕೆ ಭಕ್ತರಿದ್ದಾರೆ, ಪುರಾತತ್ತ್ವ ಇಲಾಖೆ ಇದೆ. ನಾನು ಹೇಳುತ್ತಿರುವುದು ಮಂಡಿ, ಛತ್ರ, ಅಂಗಡಿ ಸಾಲು, ರೈಲು ನಿಲ್ದಾಣ, ಕಂಪನಿಯ ಕ್ವಾರ್ಟರ್ಸ್, ತೊಟ್ಟಿಮನೆಗಳ ಸಂಗತಿ. ಜನ ಬದುಕಿದ, ದುಡಿದ, ಸಾಲ ಮಾಡಿದ, ಜಗಳವಾಡಿದ ಜಾಗಗಳು ಅವು.

ಒಂದು ವೇಳೆ ಎದುರಾಳಿಗಳ ಮಾತೇ ನಿಜ, ಮಂಡ್ಯ ನಾಲೆಯಿಂದಲೇ ಹುಟ್ಟಿತು ಎಂದು ಇಟ್ಟುಕೊಳ್ಳೋಣ. ಆಗಲೂ ‘ಇತಿಹಾಸವಿಲ್ಲ’ ಎಂಬ ತೀರ್ಮಾನ ಹೇಗೆ ಬರುತ್ತದೆ? ನಾಲೆ ಇತಿಹಾಸವಲ್ಲವೇ? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಹುಲಿಕೆರೆಯಲ್ಲಿ ಗುಡ್ಡ ಕೊರೆದು ಸುರಂಗ ಮಾಡಿ ನೀರನ್ನು ಈ ಕಡೆಗೆ ತಿರುಗಿಸಿದರು. ವೈಸರಾಯ್ ಇರ್ವಿನ್ ಹೆಸರಿನ ಆ ನಾಲೆ ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು. ರಾಗಿ, ಹುರುಳಿಯ ಹೊಲಗಳು ಹತ್ತಾರು ವರ್ಷದೊಳಗೆ ಭತ್ತ, ಕಬ್ಬಿನ ಗದ್ದೆಗಳಾದವು. ಒಂದು ಸೀಮೆಯ ಊಟ, ಬೇಸಾಯ, ಮದುವೆ ಸಂಬಂಧ, ಜಮೀನಿನ ಬೆಲೆ, ಜಾತಿಜಾತಿಗಳ ಬಲಾಬಲ ಎಲ್ಲ ಒಂದೇ ತಲೆಮಾರಿನಲ್ಲಿ ಬದಲಾದದ್ದು ಇತಿಹಾಸವಲ್ಲದಿದ್ದರೆ ಇನ್ನಾವುದು ಇತಿಹಾಸ?

ನೀರು ಬಂದದ್ದನ್ನು ಮಾತ್ರ ನಾವು ಹಾಡಿ ಹೊಗಳುತ್ತೇವೆ. ನೀರಿನ ಜೊತೆ ಮಲೇರಿಯಾ ಬಂತು. ಜೌಗು ಬಂತು. ನಾಲೆಗೆ ಕೊಡಬೇಕಾದ ಹಣದ ಹೊರೆ ಬಂತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ರೈತರು ಆ ಹೊರೆಯನ್ನು ಎದುರಿಸಿ ಎದ್ದುನಿಂತರು, ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಹೊರಟರು. ‘ಚಿತ್ರಗುಪ್ತ’ ಪತ್ರಿಕೆಯ ಎಚ್.ಕೆ. ವೀರಣ್ಣಗೌಡರು ಅವರ ದನಿಯಾದರು. ಮೈಸೂರು ಸಂಸ್ಥಾನದಲ್ಲಿ ನೇಗಿಲು ಹಿಡಿದವನು ಅರಮನೆಯ ಸರ್ಕಾರದ ಎದುರು ನಿಂತು ಲೆಕ್ಕ ಕೇಳಿದ ದೊಡ್ಡ ಸಂದರ್ಭಗಳಲ್ಲಿ ಇದು ಒಂದು. ಮದ್ದೂರಿನ ಕಾಲೇಜಿನ ಹೆಸರಲ್ಲಿ ‘ಎಚ್.ಕೆ.ವಿ.’ ಎಂಬ ಮೂರು ಅಕ್ಷರ ಉಳಿದಿದೆ. ಆ ಜಾಥಾ ಯಾವ ಬೀದಿಯಿಂದ ಹೊರಟಿತು, ರೈತರು ಎಲ್ಲಿ ಸಭೆ ಸೇರಿದರು, ಬುತ್ತಿ ಎಲ್ಲಿ ಬಿಚ್ಚಿದರು ಎಂದು ಹೇಳುವ ಒಂದು ಹಲಗೆಯನ್ನೂ ನಾನು ಈ ಮೂರು ಊರುಗಳಲ್ಲಿ ಕಂಡಿಲ್ಲ.

ಇನ್ನು ಮೈಷುಗರ್. 1933ರ ಜನವರಿಯಲ್ಲಿ ಕಂಪನಿ ಹುಟ್ಟಿತು, ಮರುವರ್ಷ ಕಬ್ಬು ಅರೆಯಿತು. ಅದಕ್ಕೆ ದುಡಿದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದವರು, ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದವರು. ಸರ್ಕಾರ, ಸಾಹುಕಾರರು, ರೈತರು ಪಾಲು ಹಾಕಿ ಕಟ್ಟಿದ ಕಾರ್ಖಾನೆ ಅದು. ಅದು ಹುಟ್ಟಿ ಆರು ವರ್ಷಕ್ಕೆ, 1939ರಲ್ಲಿ, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ಕಚೇರಿಗಳು ಬಂದವು, ನೂರಡಿ ಎಂಬ ಅಳತೆಯನ್ನೇ ಹೆಸರಾಗಿಟ್ಟುಕೊಂಡ ರಸ್ತೆ ಬಂತು, ಬಡಾವಣೆಗಳು ಬಂದವು. ನಮ್ಮ ಮನೆಯಲ್ಲಿ ಅಪ್ಪ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದದ್ದು ಮೈಷುಗರ್ ಕೂಗಿಗೆ. ಕಬ್ಬಿನ ಗಾಡಿಗಳ ಸಾಲು ರಾತ್ರಿಯೆಲ್ಲ ನಿಂತಿರುತ್ತಿತ್ತು. ಗಾಡಿಯ ಕೆಳಗೆ ಮಲಗಿದವರ ಕೆಮ್ಮು, ಎತ್ತಿನ ಗಂಟೆ, ಗಾಳಿಗೆ ಬರುವ ಕಾಕಂಬಿಯ ವಾಸನೆ ನಮ್ಮ ಬಾಲ್ಯ. ಆ ಗಾಡಿಯವರನ್ನು ನೆಚ್ಚಿಕೊಂಡು ಬೆಳೆದ ಹೋಟೆಲು, ಲಾಳ ಕಟ್ಟುವವರ ಅಂಗಡಿ, ಹಗ್ಗದಂಗಡಿ, ಬೆಲ್ಲದ ಮಂಡಿಗಳೇ ಈ ಪೇಟೆಯನ್ನು ಕಟ್ಟಿದ್ದು.

ಕಾರ್ಖಾನೆ ನಿಂತುಹೋದ ವರ್ಷಗಳಲ್ಲಿ ಅದನ್ನು ಉಳಿಸಿ ಎಂದು ಜನ ಬೀದಿಗಿಳಿದರು. 2022ರಲ್ಲಿ ಮತ್ತೆ ಗಾಲಿ ತಿರುಗಿತು. ಆ ಹೋರಾಟ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಅವರ ಬಾಯಲ್ಲೂ ನಾನು ಕೇಳಿದ್ದು ಯಂತ್ರ, ಬಾಕಿ ಹಣ, ಜಮೀನು. ಆ ಆವರಣದ ಹಳೇ ಕಟ್ಟಡಗಳು, ನಕ್ಷೆಗಳು, ಹಾಜರಿ ಪುಸ್ತಕಗಳು, ಷೇರುದಾರರ ದಾಖಲೆಗಳು ನಮ್ಮ ಜಿಲ್ಲೆಯ ನಿಜವಾದ ತಾಳೆಗರಿ ಎಂದು ಹೇಳಿದವರು ಕಡಿಮೆ. ಜರ್ಮನಿಯ ಎಸ್ಸೆನ್ ಊರಿನಲ್ಲಿ ಮುಚ್ಚಿಹೋದ ಒಂದು ಕಲ್ಲಿದ್ದಲು ಗಣಿಯನ್ನು ಹಾಗೇ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ, 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಒಪ್ಪಿತು. ದುಡಿಮೆಯ ಜಾಗವೂ ಪರಂಪರೆಯೇ ಎಂದು ಅವರು ಒಪ್ಪಿದ್ದಾರೆ. ಸಕ್ಕರೆಯ ನಾಡು ಎಂದು ಕರೆದುಕೊಳ್ಳುವ ನಮಗೆ ಸಕ್ಕರೆ ಮಾಡಿದ ಜಾಗ ಪರಂಪರೆಯಾಗಿ ಕಾಣುತ್ತಿಲ್ಲ.

ಮದ್ದೂರಿನ ಮೇಲೆ ಆಗಿರುವ ಅನ್ಯಾಯ ಬೇರೆ ಬಗೆಯದು. ಆ ಊರನ್ನು ಒಂದು ತಿಂಡಿ ನುಂಗಿಹಾಕಿದೆ. ವಡೆಯ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಅದರ ಕಥೆಯನ್ನು ಸರಿಯಾಗಿ ಹೇಳಿದರೆ ಅದೂ ಊರಿನ ಇತಿಹಾಸವೇ. 1876–78ರ ಧಾತು ಈಶ್ವರದ ಬರದಲ್ಲಿ ಹೊಟ್ಟೆಗಿಲ್ಲದ ಜನ ಕೂಲಿಗೆ ಮಣ್ಣು ಹೊತ್ತ ಏರಿಯ ಮೇಲೆ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಬಿತ್ತು. 1881ರಲ್ಲಿ ರೈಲು ಮದ್ದೂರು, ಮಂಡ್ಯ ಮುಟ್ಟಿತು. ಆ ನಿಲ್ದಾಣದ ತಿಂಡಿಮನೆಯಲ್ಲಿ 1917ರಲ್ಲಿ ರಾಮಚಂದ್ರ ಬುದ್ಯ ಎಂಬುವರು ಮೊದಲು ಈ ವಡೆ ಕರಿದರೆಂದು ಹೇಳಿಕೊಂಡು ಬಂದಿದ್ದಾರೆ. ಎಂದರೆ ವಡೆಯ ಕೆಳಗೆ ರೈಲಿದೆ, ರೈಲಿನ ಕೆಳಗೆ ಬರ ಇದೆ. ನಾವು ವಡೆಯನ್ನಷ್ಟೇ ಕಟ್ಟಿಸಿಕೊಂಡು ಬಂದೆವು.

ಮದ್ದೂರಿಗೆ ಒಂದು ಕೋಟೆಯಿತ್ತು. ಹೈದರಾಲಿ ಅದನ್ನು ಮತ್ತೆ ಕಟ್ಟಿಸಿದ್ದನೆಂದೂ 1791ರಲ್ಲಿ ಕಾರ್ನ್‌ವಾಲಿಸ್ ಕೆಡವಿಸಿದನೆಂದೂ ರೈಸ್ ಬರೆದಿದ್ದಾನೆ. ಶಿಂಷೆಗೆ ಅಡ್ಡಲಾಗಿ ಇಟ್ಟಿಗೆಯ ಕಮಾನುಗಳ ಸೇತುವೆ ಕಟ್ಟಿದ್ದನ್ನೂ ಹೇಳಿದ್ದಾನೆ. 1938ರ ಏಪ್ರಿಲ್‌ನಲ್ಲಿ ಊರ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಲಾಯಿತು. ಅಲ್ಲಿ ಸತ್ಯಾಗ್ರಹ ಸೌಧವಿದೆ, ಸಂತೋಷ. ಆದರೆ ಸೌಧ ಮುಖಂಡರ ಹೆಸರು ಹೇಳುತ್ತದೆ. ಸುತ್ತಮುತ್ತಲಿಂದ ಬಂದ ಸಾವಿರಾರು ಜನ ಯಾರ ಜಗಲಿಯ ಮೇಲೆ ಮಲಗಿದರು, ಅಕ್ಕಿ ಯಾವ ಮಂಡಿಯಿಂದ ಬಂತು, ಪೊಲೀಸರು ಹುಡುಕಿ ಬಂದಾಗ ಯಾವ ಹಿತ್ತಿಲ ಬಾಗಿಲು ತೆರೆಯಿತು? ಇವನ್ನು ಹೇಳಬೇಕಾದದ್ದು ಮದ್ದೂರಿನ ಪೇಟೆ. ಜಗಲಿಗಳನ್ನು ಕೆಡವಿದ ಮೇಲೆ ಕೇಳುವುದು ಯಾರನ್ನು?

ಮಳವಳ್ಳಿಯದು ಇನ್ನೂ ಕಷ್ಟದ ಸ್ಥಿತಿ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಆ ಊರ ಬಳಿ ಕಾಳಗ ನಡೆಯಿತು. ಮೂವತ್ತೆಂಟು ದಿನಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಲಂಡನ್ನಿನಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಈ ಕಾಳಗದ ವಿವರ ಓದಬಹುದು. ಊರಿನವರಿಗೆ ಉಳಿದಿರುವುದು ದಂಡಿನ ಮಾರಮ್ಮನ ಹೆಸರಿನಲ್ಲಿರುವ ‘ದಂಡು’ ಎಂಬ ಮಾತು ಮತ್ತು ವರ್ಷಕ್ಕೊಮ್ಮೆ ಬರುವ ಸಿಡಿಹಬ್ಬ. ಇದೇ ತಾಲೂಕಿನ ಹಲಗೂರಿನ ಪಾಂಚಾಳರ ಬಳಿ ಸಿದ್ಧಪ್ಪಾಜಿ ಕಬ್ಬಿಣ ಬೇಡಲು ಹೋದ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಹಾಡಿನಲ್ಲಿ ಕುಲುಮೆ ಉರಿಯುತ್ತದೆ. ಕುಲುಮೆಗಳಿದ್ದ ಕೇರಿ ಯಾವುದು ಎಂದು ಅಳತೆ ಹಿಡಿದು ಗುರುತು ಮಾಡಿದವರನ್ನು ನಾನು ಕಂಡಿಲ್ಲ. ಓದು ಬಾರದ ನೀಲಗಾರ ಒಂದು ಪೇಟೆಯ ನೆನಪನ್ನು ಇಷ್ಟು ಕಾಲ ಕಾಪಾಡಿದ. ಕಂಪ್ಯೂಟರ್ ಇಟ್ಟುಕೊಂಡ ನಮ್ಮ ಪುರಸಭೆಗಳು ಮೂವತ್ತು ವರ್ಷದ ನೆನಪನ್ನೂ ಕಾಪಾಡಲಿಲ್ಲ.

ಇತಿಹಾಸವಿಲ್ಲ ಎಂದು ನಂಬಿದ ಜಾಗ ಖಾಲಿ ಉಳಿಯುವುದೂ ಇಲ್ಲ. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರ ಭೇಟಿಗಾಗಿ ಮಂಡ್ಯದಲ್ಲಿ ಕಮಾನು ಎದ್ದಾಗ ಅದಕ್ಕೆ ಟಿಪ್ಪುವನ್ನು ಕೊಂದವರೆಂದು ಕೆಲವರು ಹೇಳುವ ಉರಿಗೌಡ, ದೊಡ್ಡನಂಜೇಗೌಡ ಎಂಬ ಹೆಸರು ಹಾಕಿದರು. ಟಿಪ್ಪುವಿನ ಕಾಲದ ಒಂದು ದಾಖಲೆಯನ್ನೂ ಯಾರಿಂದಲೂ ಮುಂದಿಡಲಾಗಲಿಲ್ಲ. ಜನ ಪ್ರಶ್ನಿಸಿದ ಮೇಲೆ ಹೆಸರು ಬದಲಾಯಿತು, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಆ ಇಬ್ಬರ ಮೇಲೆ ಸಿನಿಮಾ ಮಾಡಹೊರಟವರಿಗೆ ಆಧಾರವಿಲ್ಲದ ವಿಷಯ ಬೇಡವೆಂದರು. ಇಲ್ಲದ ಇಬ್ಬರಿಗೆ ಕಮಾನು ನಿಲ್ಲಿಸಲು ಧೈರ್ಯ ಬಂದದ್ದು ಹೇಗೆ? ಇದ್ದ ಸಾವಿರಾರು ಜನರ ಗುರುತನ್ನು ನಾವು ಮೊದಲೇ ಅಳಿಸಿ ಜಾಗ ಮಾಡಿಕೊಟ್ಟಿದ್ದೆವು.

ಎದುರು ಮಾತುಗಳನ್ನು ನಾನು ಕೇಳಿದ್ದೇನೆ. ಕಬ್ಬಿನ ಬಾಕಿ ಬಾರದೆ ರೈತ ಸಾಯುವಾಗ ಹಳೇ ಗೋಡೆಯ ಚಿಂತೆ ಯಾಕೆ ಎನ್ನುತ್ತಾರೆ. 2015ರಲ್ಲಿ ಈ ಜಿಲ್ಲೆಯ ಮನೆಮನೆಯಲ್ಲಿ ಕೇಳಿದ ಗೋಳನ್ನು ನಾನೂ ಕೇಳಿದ್ದೇನೆ. ನಾನು ಗೋಡೆಯನ್ನು ರೈತನಿಗಿಂತ ಮೇಲೆ ಇಡುತ್ತಿಲ್ಲ. ಸರ್ಕಾರದ ನೀರಿಗೆ, ಸರ್ಕಾರದ ಬೆಲೆಗೆ ಲೆಕ್ಕ ಕೇಳಿದವರು ನಮ್ಮ ತಾತಂದಿರು ಎಂದು ತಿಳಿದ ರೈತ ಒಂಟಿ ಅಲ್ಲ. ಆ ತಿಳಿವಳಿಕೆಯನ್ನು ಅವನಿಂದ ಕಿತ್ತುಕೊಂಡಿದ್ದೇವೆ.

ಸೋರುವ ಮನೆಯನ್ನು ರಿಪೇರಿ ಮಾಡಿಸುವವರು ಯಾರು ಎನ್ನುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ನಾಲ್ಕು ಜನ ಅಣ್ಣತಮ್ಮಂದಿರ ಭಾಗದಲ್ಲಿ ಸಿಕ್ಕಿಕೊಂಡ ಮನೆಗೆ ತೊಲೆ ಬದಲಾಯಿಸುವವರಿಲ್ಲ, ಹೆಂಚು ಹೊದಿಸಲು ಬಲ್ಲ ಕೆಲಸಗಾರರೂ ಸಿಗುವುದಿಲ್ಲ. ಮಾಲೀಕನ ಮೇಲೆ ಹೊರೆ ಹಾಕಿ ಊರಿನ ನೆನಪನ್ನು ಕಾಯಿ ಎನ್ನುವುದು ಅನ್ಯಾಯ. ನಮ್ಮದೇ ಒಂದು ಹಳೇ ಮನೆಯ ಕಾಗದ ಹುಡುಕಿ ನಾನು ಒಂದು ಕಚೇರಿಗೆ ಹೋದಾಗ ಹಳೇ ರಿಜಿಸ್ಟರುಗಳನ್ನು ಗೆದ್ದಲು ತಿಂದಿತ್ತು, ಉಳಿದದ್ದನ್ನು ರದ್ದಿಗೆ ಹಾಕಿದೆವೆಂದು ಹೇಳಿದರು. ಕಟ್ಟಡ ಉಳಿಸಲು ದುಡ್ಡು ಬೇಕು, ಒಪ್ಪುತ್ತೇನೆ. ಪುಸ್ತಕ ಉಳಿಸಲು ಬೇಕಾದದ್ದು ಒಂದು ಬೀರು.

ರಸ್ತೆ ಅಗಲ ಮಾಡದೆ ಊರು ಬೆಳೆಯುವುದಿಲ್ಲ ಎನ್ನುತ್ತಾರೆ. ದಶಕಗಳ ಕಾಲ ಬೆಂಗಳೂರು–ಮೈಸೂರು ಹೆದ್ದಾರಿಯ ಹೆಸರಿನಲ್ಲಿ ಮದ್ದೂರು, ಮಂಡ್ಯದ ಅಂಗಡಿ ಸಾಲುಗಳ ಮುಖ ಕತ್ತರಿಸಿದರು. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಈಗ ಅದು ಎರಡೂ ಊರಿನ ಪೇಟೆಯೊಳಗೆ ಇಳಿಯದೆ ಹೋಗುತ್ತದೆ. ಯಾವ ವಾಹನಗಳಿಗಾಗಿ ಪೇಟೆಯನ್ನು ಕೊಟ್ಟೆವೋ ಅವು ಈಗ ಪೇಟೆಗೆ ಬರುವುದೇ ಇಲ್ಲ. ಹೋಟೆಲಿನವರು ವ್ಯಾಪಾರ ಬಿತ್ತೆಂದು ಅಳುತ್ತಿದ್ದಾರೆ. ಊರೊಳಕ್ಕೆ ಜನ ಬರಬೇಕಾದರೆ ಊರಲ್ಲಿ ನೋಡುವುದಕ್ಕೆ ಊರೇ ಉಳಿದಿರಬೇಕು. ಅಗಲೀಕರಣದ ನೆಪ ಇನ್ನು ನಡೆಯದು.

ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು, ನ್ಯಾಯಾಲಯದವರೆಗೂ ಹೋಯಿತು. ಯಾರು ಸರಿ ಎಂಬುದು ಬೇರೆ ಮಾತು. ವಾದ ಮಾಡುವಷ್ಟು ಬೆಲೆ ಆ ಕಟ್ಟಡಗಳಿಗಿದೆ ಎಂದು ಆ ಊರು ಒಪ್ಪಿತ್ತು. ನಮ್ಮ ಊರಲ್ಲಿ 1974, 1994, 2024 ಹೀಗೆ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. ಮೊದಲ ಸಲ ಜಯದೇವಿತಾಯಿ ಲಿಗಾಡೆ ಅಧ್ಯಕ್ಷರು, ಸಮ್ಮೇಳನಕ್ಕೆ ಮಹಿಳೆಯೊಬ್ಬರು ಅಧ್ಯಕ್ಷರಾದದ್ದೇ ಅಂದು ಮೊದಲು. 1974ರ ಮಂಡ್ಯದ ಪೇಟೆ ಹೇಗಿತ್ತು ಎಂದು ತೋರಿಸುವ ಹತ್ತು ಚಿತ್ರಗಳನ್ನು ಒಂದೆಡೆ ಕೂಡಿಸಿಟ್ಟಿರುವ ಜಾಗ ನಮ್ಮಲ್ಲಿ ಎಲ್ಲಿದೆ?

ಈ ಮೂರು ಊರುಗಳ ಸ್ಥಳೀಯ ಆಡಳಿತವನ್ನು ನಾನು ಕೇಳುವುದು ದೊಡ್ಡದೇನಲ್ಲ. ಹಳೇ ಕಟ್ಟಡ ಕೆಡವಲು ಅರ್ಜಿ ಬಂದಾಗ ಪರವಾನಗಿ ಕೊಡುವ ಮೊದಲು ಒಳಗೂ ಹೊರಗೂ ಫೋಟೊ ತೆಗೆಸಿ, ಅಳತೆ ಬರೆಸಿ, ಮನೆಯ ಹಿರಿಯರ ಬಾಯಿಂದ ನಾಲ್ಕು ಮಾತು ಬರೆದುಕೊಳ್ಳಿ. ಒಂದು ದಿನದ ಕೆಲಸ. ಮೂರೂ ಊರಲ್ಲಿ ಕಾಲೇಜುಗಳಿವೆ, ಇತಿಹಾಸ ಓದುವ ಮಕ್ಕಳಿದ್ದಾರೆ, ಅವರು ಸಂತೋಷದಿಂದ ಬರುತ್ತಾರೆ.

ಓದುಗರಲ್ಲಿ ನನ್ನದೊಂದು ಬೇಡಿಕೆ. ಅಟ್ಟದ ಮೇಲೆ, ತಾತನ ಟ್ರಂಕಿನಲ್ಲಿ ಇರ್ವಿನ್ ನಾಲೆಯ ಕಂದಾಯದ ರಸೀದಿ, ಮೈಷುಗರ್ ಷೇರು ಪತ್ರ, ಮಂಡಿಯ ಲೆಕ್ಕದ ಪುಸ್ತಕ, ಅಂಗಡಿ ಮುಂದೆ ನಿಂತು ತೆಗೆಸಿಕೊಂಡ ಹಳೇ ಫೋಟೊ ಇದ್ದರೆ ತೂಕಕ್ಕೆ ಹಾಕಬೇಡಿ. ಫೋಟೊದ ಹಿಂದೆ ಬೀದಿಯ ಹೆಸರು, ಇಸವಿ, ನಿಂತವರ ಹೆಸರು ಇವತ್ತೇ ಬರೆದಿಡಿ. ಬರೆಸಲು ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ, ಅವರನ್ನು ಈ ಭಾನುವಾರವೇ ಕೇಳಿ.